ಆರ್‌ವಿ ಪ್ರೊಪೇನ್ ವ್ಯವಸ್ಥೆಗೆ ಗ್ಯಾಸ್ ಗ್ರಿಲ್ ಜೋಡಣೆ

ಆರ್‌ವಿ ಅಥವಾ ರಿಕ್ರಿಯೇಷನಲ್ ವೆಹಿಕಲ್ ಎಂಬುದು ಅಡುಗೆಮನೆ, ಮಲಗುವ ಸ್ಥಳ ಮುಂತಾದ ಸೌಕರ್ಯಗಳುಳ್ಳ ಪ್ರವಾಸಿ ವಾಹನ. ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾಗಳಲ್ಲಿ ಇದರ ಬಳಕೆ ವ್ಯಾಪಕವಾಗಿದೆ. ವಾಹನದೊಳಗಿನ ಒಲೆ ಮತ್ತು ಹೀಟರುಗಳಿಗೆ ಇಂಧನ ಒದಗಿಸುವ ಪ್ರೊಪೇನ್ ಸಿಲಿಂಡರಿನಿಂದಲೇ ಹೊರಾಂಗಣದ ಗ್ರಿಲ್‌ಗೂ ಅನಿಲ ಪಡೆಯುವುದುಂಟು. ಈ ಜೋಡಣೆಯ ಸುರಕ್ಷತೆಯು ಮುಖ್ಯವಾಗಿ ಅನಿಲದ ಒತ್ತಡವನ್ನು ಅವಲಂಬಿಸಿದೆ.

ಒತ್ತಡದ ವ್ಯತ್ಯಾಸ

20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಲಿಂಡರಿನೊಳಗಿನ ಒತ್ತಡ ವಾತಾವರಣದ ಒತ್ತಡದ ಸುಮಾರು 8 ಪಟ್ಟು ಇರುತ್ತದೆ. ವಾಹನದ ರೆಗ್ಯುಲೇಟರ್ ಇದನ್ನು 11 ಅಂಗುಲ ನೀರಿನ ಸ್ತಂಭಕ್ಕೆ, ಅಂದರೆ ಸುಮಾರು 2.7 ಕಿಲೋಪ್ಯಾಸ್ಕಲ್‌ಗೆ ಇಳಿಸುತ್ತದೆ. ವಾಹನದ ಹೊರಮೈಯಲ್ಲಿರುವ ಕ್ವಿಕ್ ಕನೆಕ್ಟ್ ಮುಖದಿಂದ ಸಾಮಾನ್ಯವಾಗಿ ದೊರೆಯುವುದು ಈ ಕಡಿಮೆ ಒತ್ತಡದ ಅನಿಲ. ಆದರೆ 1 ಪೌಂಡ್ ಸಿಲಿಂಡರಿಗಾಗಿ ತಯಾರಾದ ಸಣ್ಣ ಗ್ರಿಲ್‌ಗಳಿಗೆ ತಮ್ಮದೇ ಆದ ರೆಗ್ಯುಲೇಟರ್ ಇರುತ್ತದೆ.

ಜೋಡಣೆಯ ವಿಧಾನಗಳು

* ಕಡಿಮೆ ಒತ್ತಡದ ಜೋಡಣೆ: ಇಂತಹ ಅನಿಲಕ್ಕೆಂದೇ ರೂಪಿಸಿದ, ಸ್ವಂತ ರೆಗ್ಯುಲೇಟರ್ ಇಲ್ಲದ ಗ್ರಿಲ್ಲನ್ನು ಹೊರಮುಖಕ್ಕೆ ಜೋಡಿಸಲಾಗುತ್ತದೆ. ರೆಗ್ಯುಲೇಟರ್ ಇರುವ ಗ್ರಿಲ್ಲನ್ನು ಇಲ್ಲಿ ಜೋಡಿಸಿದರೆ ಒತ್ತಡ ಎರಡು ಬಾರಿ ತಗ್ಗಿ ಜ್ವಾಲೆ ಕ್ಷೀಣಿಸುತ್ತದೆ.
* ಹೆಚ್ಚಿನ ಒತ್ತಡದ ಜೋಡಣೆ: ವಾಹನದ ರೆಗ್ಯುಲೇಟರಿಗಿಂತ ಮೊದಲೇ, ಸಿಲಿಂಡರಿನ ಬಳಿ ಕವಲು ಅಳವಡಿಸಿ ಅನಿಲ ಪಡೆಯಲಾಗುತ್ತದೆ. ಇದಕ್ಕೆ ರೆಗ್ಯುಲೇಟರ್ ಉಳ್ಳ ಗ್ರಿಲ್ ಮತ್ತು ಹೆಚ್ಚಿನ ಒತ್ತಡ ತಾಳುವ ಹೋಸ್ ಪೈಪ್ ಅಗತ್ಯ. ರೆಗ್ಯುಲೇಟರ್ ಇಲ್ಲದ ಗ್ರಿಲ್ಲನ್ನು ಇಲ್ಲಿ ಜೋಡಿಸಿದರೆ ಜ್ವಾಲೆ ನಿಯಂತ್ರಣ ಮೀರಿ ಬೆಂಕಿ ಅನಾಹುತ ಸಂಭವಿಸಬಹುದು.

ತಯಾರಕರ ಅನುಮತಿಯಿಲ್ಲದೆ ಗ್ರಿಲ್‌ನ ರೆಗ್ಯುಲೇಟರನ್ನು ತೆಗೆಯುವುದು ಸುರಕ್ಷಿತವಲ್ಲ. ಅದರ ವಾಲ್ವ್ ಮತ್ತು ಬರ್ನರಿನ ರಂಧ್ರಗಳು ನಿರ್ದಿಷ್ಟ ಒತ್ತಡಕ್ಕೆ ತಕ್ಕಂತೆ ರಚಿತವಾಗಿರುತ್ತವೆ.

ಮುನ್ನೆಚ್ಚರಿಕೆಗಳು

ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಸೋರಿದ ಅನಿಲ ಮೇಲೇರದೆ ನೆಲಮಟ್ಟದಲ್ಲಿ ಹಾಗೂ ತಗ್ಗುಗಳಲ್ಲಿ ಸಂಗ್ರಹವಾಗುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಸುಮಾರು ಶೇ. 2ರಷ್ಟಾದರೂ ಕಿಡಿ ತಗುಲಿದಾಗ ಹೊತ್ತಿಕೊಳ್ಳುತ್ತದೆ. ಪ್ರೊಪೇನ್‌ಗೆ ಸ್ವಂತ ವಾಸನೆಯಿಲ್ಲದ ಕಾರಣ, ಸೋರಿಕೆ ತಿಳಿಯಲೆಂದು ಈಥೈಲ್ ಮರ್ಕ್ಯಾಪ್ಟನ್ ಬೆರೆಸಲಾಗುತ್ತದೆ.

ಪ್ರತಿ ಜೋಡಣೆಯ ನಂತರ ಕೀಲುಗಳಿಗೆ ಸಾಬೂನು ನೀರು ಹಚ್ಚಿ ಪರೀಕ್ಷಿಸಬೇಕು. ಗುಳ್ಳೆಗಳು ಎದ್ದರೆ ಸೋರಿಕೆ ಇದೆ ಎಂದರ್ಥ. ಬೆಂಕಿಕಡ್ಡಿಯಿಂದ ಎಂದಿಗೂ ಪರೀಕ್ಷಿಸಬಾರದು. ಬಿರುಕು ಬಿಟ್ಟ ಹೋಸ್ ಪೈಪನ್ನು ಬದಲಿಸಬೇಕು. ಕಾರ್ಬನ್ ಮಾನಾಕ್ಸೈಡ್ ವಿಷಾನಿಲದ ಅಪಾಯವಿರುವುದರಿಂದ ಗ್ರಿಲ್ಲನ್ನು ವಾಹನದೊಳಗೆ ಉರಿಸಬಾರದು. ಹೊರಗೂ ಅದನ್ನು ವಾಹನದ ಗೋಡೆ, ಕಿಟಕಿ ಮತ್ತು ಬಟ್ಟೆಯ ಚಪ್ಪರದಿಂದ ದೂರವಿಡಬೇಕು. ಬಳಕೆಯ ನಂತರ ಪೂರೈಕೆಯ ವಾಲ್ವ್ ಮುಚ್ಚಿ, ಆ ಬಳಿಕವೇ ಹೋಸ್ ಪೈಪನ್ನು ಬಿಡಿಸಬೇಕು.