ಆರಿದ ಕಾಫಿಪುಡಿ

ಅಮ್ಮ ಕಾಫಿಪುಡಿ ಪೊಟ್ಟಣವನ್ನು ಮೂಸುವ ಮೊದಲು ಮುಟ್ಟಿ ನೋಡುತ್ತಿದ್ದಳು. ಆಗಷ್ಟೇ ಬೀಸಿದ ಪುಡಿಯಾದರೆ ಕಾಗದದ ಹೊರಗೂ ಬೆಚ್ಚಗಿರುತ್ತದೆ. ಆರಿದ್ದರೆ ನನ್ನ ಗ್ರಹಚಾರ. "ಎಲ್ಲೆಲ್ಲಿ ಸುತ್ಕೊಂಡು ಬಂದೆ?"

1971ನೇ ಇಸವಿ, ನನಗೆ ಹನ್ನೆರಡು. ಮೈಸೂರಿನ ನಮ್ಮ ಮನೆಯಿಂದ ಪುಡಿ ಅಂಗಡಿಗೆ ಸೈಕಲ್ಲಿನಲ್ಲಿ ಐದು ನಿಮಿಷ. ನಾನು ಮುಕ್ಕಾಲು ಗಂಟೆ ಮಾಡುತ್ತಿದ್ದೆ.

ಸೈಕಲ್ ನಮ್ಮದಲ್ಲ, ಗಂಟೆಗೆ ನಾಲ್ಕಾಣೆಯ ಬಾಡಿಗೆಯದು. ಹಿಂದಿನ ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರ್. ಅಂಗಡಿಯಾತ ಎಣ್ಣೆಗೈಯಲ್ಲೇ ಆ ನಂಬರನ್ನೂ ಹೊರಟ ಹೊತ್ತನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ಹುಡುಗರದಾದರೆ ಹೆಸರು ಸಾಕು, ನನ್ನ ಹೆಸರಿನ ಪಕ್ಕ ಅಪ್ಪನ ಹೆಸರೂ ಬೇಕು. ಇದ್ದವೆಲ್ಲ ಬಾರ್ ಇರುವ ಗಂಡಸರ ಸೈಕಲ್ಲುಗಳೇ. ಬಾರಿನ ಕೆಳಗೆ ಬಲಗಾಲು ತೂರಿಸಿ, ಸೊಂಟ ಓರೆ ಮಾಡಿ ಒಳಪೆಡಲ್ ತುಳಿಯುತ್ತಿದ್ದೆ. ಲಂಗದ ಅಂಚಿಗೆ ಹತ್ತಿದ ಗ್ರೀಸು ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಪುಡಿಯ ಜೊತೆಗೆ ಅದೂ ಸಾಕ್ಷಿ ಹೇಳುತ್ತಿತ್ತು.

ಮುಂದೆ ಹೈಸ್ಕೂಲಿನಲ್ಲಿ ಇತಿಹಾಸದ ಟೀಚರ್ ಆದೆ. ಓದುತ್ತಾ ಹೋದಂತೆ, ಲಂಗಕ್ಕೂ ಸೈಕಲ್ಲಿಗೂ ಹುಟ್ಟಿನಿಂದಲೇ ಆಗಿಬರುತ್ತಿರಲಿಲ್ಲ ಎಂದು ತಿಳಿಯಿತು. 1870ರ ದಶಕದ ಇಂಗ್ಲೆಂಡಿನ ಸೈಕಲ್ಲಿಗೆ ಮುಂದೆ ಆನೆಗಾತ್ರದ ಗಾಲಿ, ಹಿಂದೆ ಪುಟಾಣಿ. ನೆಲ ಗುಡಿಸುವ ಲಂಗ ತೊಟ್ಟವರು ಅದನ್ನು ಹತ್ತುವುದೆಲ್ಲಿ ಬಂತು! 1885ರಲ್ಲಿ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ 'ರೋವರ್' ತಂದ. ಗಾಲಿಗಳೆರಡೂ ಹೆಚ್ಚುಕಡಿಮೆ ಸಮ, ಹಿಂದಿನದಕ್ಕೆ ಚೈನು. 1888ರಲ್ಲಿ ಡನ್ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಬಾರನ್ನು ಕೆಳಕ್ಕಿಳಿಸಿ, ಚೈನಿಗೆ ಕವರ್, ಹಿಂಗಾಲಿಗೆ ಬಲೆ ಕಟ್ಟಿದ್ದೇ ಲೇಡೀಸ್ ಸೈಕಲ್.

1894ರಲ್ಲಿ ಬಾಸ್ಟನ್ನಿನಿಂದ ಆನಿ ಲಂಡನ್‌ಡೆರಿ ಎಂಬಾಕೆ ಸೈಕಲ್ಲಿನಲ್ಲಿ ಲೋಕ ಸುತ್ತಲು ಹೊರಟಳು. ಮೂರು ಮಕ್ಕಳ ತಾಯಿ. ದಾರಿಯಲ್ಲಿ ಉದ್ದ ಲಂಗವನ್ನೂ ಭಾರದ ಲೇಡೀಸ್ ಸೈಕಲ್ಲನ್ನೂ ಬಿಟ್ಟು ಗಂಡಸರ ಹಗುರ ಸೈಕಲ್ ಏರಿದಳು. ಯಾಕೆ ಹೊರಟೆ ಎಂದವರಿಗೆ, ಇಬ್ಬರು ಸಿರಿವಂತರು ಹೆಂಗಸಿನ ಕೈಲಾಗದು ಎಂದು ಪಂತ ಕಟ್ಟಿದ್ದಾರೆ ಎನ್ನುತ್ತಿದ್ದಳು. ಆ ಪಂತವೇ ಕಟ್ಟುಕಥೆ ಇರಬೇಕು ಎಂಬ ಗುಮಾನಿ ಇಂದಿಗೂ ಇದೆ. ನನಗಂತೂ ಗುಮಾನಿಯೇ ಇಲ್ಲ. ಅದು ಅವಳ ಕಾಫಿಪುಡಿ.

ನನ್ನ ಕಳ್ಳ ಸುತ್ತಾಟಕ್ಕೆ ಊರಿನದೂ ಕುಮ್ಮಕ್ಕಿತ್ತು. ಪ್ಲೇಗು ಬಂದುಹೋದ ಮೇಲೆ, 1903ರಲ್ಲಿ, ಮೈಸೂರಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಇಕ್ಕಟ್ಟಿನ ಕೇರಿಗಳಾಚೆ ಗಾಳಿ ಬೆಳಕಿನ ಬಡಾವಣೆ, ಅಗಲ ರಸ್ತೆಗಳಾದವು. ಜನ ಆರೋಗ್ಯವಾಗಿರಲಿ ಎಂದು ಮಾಡಿದ ರಸ್ತೆಗಳು ಸೈಕಲ್ಲಿಗೆ ಹಬ್ಬ. ಸಾಲುಮರದ ನೆರಳಲ್ಲಿ, ಇಳಿಜಾರಿನಲ್ಲಿ ಪೆಡಲ್ ಬಿಟ್ಟು ಕೂತರೆ ಹಿಂಗಾಲಿ ಟಿಕಟಿಕ ಅನ್ನುತ್ತಿತ್ತು. ಆ ಸದ್ದು ಕೇಳಲೆಂದೇ ನಾನು ಪುಡಿ ತರಲು ಹೋಗುತ್ತಿದ್ದದ್ದು.

ಮಾನಸಗಂಗೋತ್ರಿಯಲ್ಲಿ ಎಂ.ಎ.ಗೆ ಸೇರಿದಾಗ ಅಪ್ಪ ಸೆಕೆಂಡ್‌ಹ್ಯಾಂಡ್ ಲೇಡೀಸ್ ಸೈಕಲ್ ಕೊಡಿಸಿದರು. ಕ್ಯಾರಿಯರಿನಲ್ಲಿ ಪುಸ್ತಕ ಸಿಕ್ಕಿಸಿಕೊಂಡು ಕುಕ್ಕರಹಳ್ಳಿ ಕೆರೆಯ ಬದಿ ಎಷ್ಟು ಸಲ ಸುತ್ತಿದರೂ ಯಾರೂ ಕೇಳಲಿಲ್ಲ. ಪರೀಕ್ಷೆ ಮುಗಿದು ಕ್ಯಾರಿಯರ್ ಖಾಲಿಯಾದ ವಾರವೇ ಪಕ್ಕದ ಮನೆ ಮಾಮಿ ಕಾಂಪೌಂಡಿನಿಂದ ಕತ್ತು ಚಾಚಿದರು. "ಎಲ್ಲಿಗಮ್ಮಾ ಸವಾರಿ?" ಗಂಡುಮಕ್ಕಳನ್ನು ಅವರು ಹಾಗೆ ಕೇಳಿದ್ದನ್ನು ನಾನು ಕಾಣೆ.

ಹೆಂಗಸು ಸೈಕಲ್ ತುಳಿಯುವುದನ್ನು ನಮ್ಮ ನಾಡು ಬೇಡವೆಂದಿಲ್ಲ, ಕೆಲಸ ಒಂದಿರಬೇಕು ಅಷ್ಟೇ. 1991ರ ಹೊತ್ತಿಗೆ ತಮಿಳುನಾಡಿನ ಪುದುಕೋಟೆಯಲ್ಲಿ ಕಲೆಕ್ಟರ್ ಶೀಲಾ ರಾಣಿ ಚುಂಕತ್ ಸಾಕ್ಷರತಾ ಆಂದೋಲನದ ಜೊತೆಗೆ ಸೈಕಲ್ ಕಲಿಕೆಯನ್ನೂ ಸೇರಿಸಿದರು. ಸಾವಿರ ಸಾವಿರ ಹೆಂಗಸರು ಕಲಿತರು. ಲೇಡೀಸ್ ಸೈಕಲ್ ಸಾಲದಾದಾಗ ಬಾರಿನ ಸೈಕಲ್ಲನ್ನೇ ಏರಿ ನೀರಿನ ಕೊಡ ಸಾಗಿಸಿದರು. 2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೇ ತರಗತಿಗೆ ಉಚಿತ ಸೈಕಲ್ ಯೋಜನೆ ತಂದಿತು. ನಮ್ಮ ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತ ಸೈಕಲ್ಲುಗಳ ಬೆಲ್ಲನ್ನು ಹುಡುಗಿಯರು ಒಂದೊಂದಾಗಿ ಬಾರಿಸಿ ನೋಡಿದ್ದು ಇನ್ನೂ ಕಿವಿಯಲ್ಲಿದೆ. ಸಾಕ್ಷರತೆ, ನೀರು, ಶಾಲೆ: ಒಂದಕ್ಕಿಂತ ಒಂದು ದೊಡ್ಡ ಕೆಲಸ, ಬೇಡ ಅನ್ನುವವರಿಲ್ಲ. 'ಸುಮ್ಮನೆ' ಎಂಬ ಕಾರಣಕ್ಕೆ ಮಾತ್ರ ಯಾವ ಯೋಜನೆಯೂ ಇಲ್ಲ.

ಆ ಹೊತ್ತಿಗೆ ನನ್ನ ಸೈಕಲ್ಲು ಗುಜರಿಗೆ ಹೋಗಿ ವರ್ಷಗಳಾಗಿದ್ದವು. ಮದುವೆ, ಮಗು, ಲೂನಾ, ಆಮೇಲೆ ಸ್ಕೂಟಿ. 2017ರಲ್ಲಿ ಮೈಸೂರಿಗೆ 'ಟ್ರಿಣ್ ಟ್ರಿಣ್' ಬಂತು. ಕಾರ್ಡ್ ತೋರಿಸಿದರೆ ಸೈಕಲ್ ಕೈಗೆ, ಒಟ್ಟು 450 ಸೈಕಲ್ಲು. ಬಾಡಿಗೆ ಅಂಗಡಿ ಹೊಸ ಅಂಗಿ ತೊಟ್ಟು ಬಂದಂತಿತ್ತು. ಇಲ್ಲಿ ಅಪ್ಪನ ಹೆಸರು ಯಾರೂ ಕೇಳಲಿಲ್ಲ. ಐವತ್ತೆಂಟರಲ್ಲಿ ಮತ್ತೆ ಹತ್ತಿದೆ. ನೂರು ಗಜ ಹೋಗಿರಲಿಲ್ಲ, ಹಳೆಯ ಶಿಷ್ಯನೊಬ್ಬ ಬೈಕ್ ನಿಧಾನ ಮಾಡಿ, "ಮೇಡಂ, ಸ್ಕೂಟರ್ ಕೆಟ್ಟೋಯ್ತಾ?" ಅಂದ. ಹೌದಪ್ಪಾ ಅಂದುಬಿಟ್ಟೆ. ಹಳೆ ಚಾಳಿ.

ಈಗ ಗೇರ್ ಇರುವ ಸ್ವಂತ ಸೈಕಲ್ ಇದೆ. ಚಾಮುಂಡಿ ಬೆಟ್ಟಕ್ಕೆ ಹೊರಟರೆ ತಾವರೆಕಟ್ಟೆ ದಾಟಿದ ಮೇಲೆ ಅರ್ಧ ತುಳಿತ, ಅರ್ಧ ತಳ್ಳಾಟ. ಭಾನುವಾರ ಶ್ರೀರಂಗಪಟ್ಟಣದ ಆಚೆ, 1804ರ ವೆಲ್ಲೆಸ್ಲಿ ಸೇತುವೆಯ ತನಕ. ದಿವಾನ್ ಪೂರ್ಣಯ್ಯನವರ ಕಾಲದ ಕಲ್ಲುಕಂಬಗಳ ನಡುವೆ ಕಾವೇರಿ ಹರಿಯುವುದನ್ನು ನೋಡುತ್ತಾ, ಫ್ಲಾಸ್ಕಿನ ಕಾಫಿ ಕುಡಿದು ಹಿಂತಿರುಗುತ್ತೇನೆ.

ಹೋದ ತಿಂಗಳು ಅಲ್ಲೇ ಹಳ್ಳಿ ರಸ್ತೆಯಲ್ಲಿ ಸರ್ಕಾರಿ ಸೈಕಲ್ಲಿನ ಹುಡುಗಿಯೊಬ್ಬಳು ನನ್ನ ಪಕ್ಕಕ್ಕೆ ಬಂದಳು. ನನ್ನ ಬಾಯಿಗೆ ಬಂದದ್ದು ಪಕ್ಕದ ಮನೆ ಮಾಮಿಯ ಮಾತೇ. "ಎಲ್ಲಿಗೆ ಪುಟ್ಟಿ, ಇಷ್ಟು ಬೆಳಗ್ಗೆ?"

"ಅಂಗ್ಡಿಗೆ ಅಜ್ಜಿ, ಸಕ್ಕರೆ ತರಕ್ಕೆ."

ಊರಿನ ಅಂಗಡಿಯನ್ನು ಇಬ್ಬರೂ ಆಗಲೇ ದಾಟಿ ಬಂದಿದ್ದೆವು. ಮುಂದೆ ಇದ್ದದ್ದು ಬರೀ ಕಬ್ಬಿನ ಗದ್ದೆ.