ಮುಟ್ಟು ನಿಂತ ಮೇಲಿನ ಲೆಕ್ಕ

ನಮ್ಮ ನೀಲಗಿರಿಯ ಬಗ್ಗೆ ಬರೆದವರಿಗೆ ಕಮ್ಮಿ ಇಲ್ಲ. 1819ರಲ್ಲಿ ಜಾನ್ ಸಲಿವನ್ ಬೆಟ್ಟ ಹತ್ತಿ ಬಂದ ಮೇಲೆ ಸರ್ವೆಯವರು, ಪಾದ್ರಿಗಳು, ಪಂಡಿತರು ಒಬ್ಬರ ಹಿಂದೊಬ್ಬರು ಬಂದರು. ರಿವರ್ಸ್ ಎಂಬ ವಿದ್ವಾಂಸರು 1906ರಲ್ಲಿ ತೋದವರ ಮೇಲೆ ಭಾರಿ ಪುಸ್ತಕವನ್ನೇ ಅಚ್ಚು ಹಾಕಿಸಿದರು. 1909ರಲ್ಲಿ ಥರ್ಸ್ಟನ್ ಮತ್ತು ರಂಗಾಚಾರಿಯವರ ಏಳು ಸಂಪುಟ ಬಂತು. ಹುಡುಗಿ ಮೈನೆರೆದರೆ ಏನು ಮಾಡುತ್ತಾರೆ, ಮುಟ್ಟಾದವರು ಎಲ್ಲಿ ಇರಬೇಕು, ತೋದ ಗರ್ಭಿಣಿಗೆ ಬಿಲ್ಲುಬಾಣ ಕೊಡುವ ಶಾಸ್ತ್ರ ಹೇಗೆ ಎಂಬುದೆಲ್ಲ ಆ ಬರಹಗಳಲ್ಲಿದೆ. ಮುಟ್ಟು ನಿಂತ ಹೆಂಗಸಿಗೆ ಅಂತ ಒಂದು ಅಧ್ಯಾಯ ಇಲ್ಲ. ಬರೆದವರು ಗಂಡಸರು, ಅದೊಂದು ಕಾರಣ. ಇನ್ನೊಂದು ಕಾರಣ ನಮ್ಮ ಕಡೆಯದೇ ಇರಬಹುದು. ಮೈನೆರೆದದ್ದಕ್ಕೆ ಆರತಿ ಉಂಟು, ಬಸುರಿಗೆ ಸೀಮಂತ ಉಂಟು, ಮುಟ್ಟು ನಿಂತದ್ದಕ್ಕೆ ಯಾರು ಏನು ಮಾಡುತ್ತಾರೆ? ಶಾಸ್ತ್ರ ಹುಡುಕಿಕೊಂಡು ಬಂದವರ ಕಣ್ಣಿಗೆ ಅದು ಬೀಳಲಿಲ್ಲ.

ಹಾಗಂತ ಇದು ಹೊಸ ಸಂಗತಿಯಲ್ಲ. ಹನ್ನೆರಡರ ಸುಮಾರಿಗೆ ಶುರುವಾದ ಮುಟ್ಟು ಐವತ್ತರ ಹೊತ್ತಿಗೆ ನಿಲ್ಲುತ್ತದೆ ಅಂತ ಸುಶ್ರುತ ಸಂಹಿತೆಯಲ್ಲೇ ಇದೆ. ಶಬರಿಮಲೆಗೆ ಐವತ್ತು ದಾಟಿದ ಹೆಂಗಸರು ಹೋಗಬಹುದು ಎನ್ನುವ ರೂಢಿಯ ಹಿಂದೆಯೂ ಇದೇ ಲೆಕ್ಕ. ಇಂಗ್ಲಿಷಿನವರು ಬಳಸುವ ‘ಮೆನೋಪಾಸ್’ ಎಂಬ ಮಾತಿಗೆ ಮಾತ್ರ ಅಷ್ಟು ವಯಸ್ಸಾಗಿಲ್ಲ, 1821ರಲ್ಲಿ ಗಾರ್ದಾನ್ ಎಂಬ ಫ್ರೆಂಚ್ ವೈದ್ಯ ಅದನ್ನು ಬಳಕೆಗೆ ತಂದ. ನಮ್ಮ ಪಠ್ಯಪುಸ್ತಕದವರು ಋತುಬಂಧ ಅಂತಾರೆ. ಮನೆಯಲ್ಲಿ ನಾವು ‘ನಿಂತೋಯ್ತು’ ಅಂತೀವಿ, ಅಷ್ಟೇ.

ಈಗ ಚಹಾ ತೋಟದ ಕಡೆ ಬರೋಣ. ಈ ಜಿಲ್ಲೆಯಲ್ಲಿ ಹೆಣ್ಣಿನ ಮೈಯನ್ನು ನಿಜವಾಗಿ ಲೆಕ್ಕಕ್ಕೆ ಹಿಡಿದದ್ದು ಅಲ್ಲಿಯೇ. 1951ರ ತೋಟ ಕಾರ್ಮಿಕರ ಕಾಯ್ದೆ ಬಂದ ಮೇಲೆ ಐವತ್ತು ಹೆಣ್ಣಾಳು ಇದ್ದ ಕಡೆ ಮಕ್ಕಳನ್ನು ಬಿಡುವ ಕೊಟ್ಟಿಗೆ ಕಟ್ಟಬೇಕಾಯಿತು, ಹೆರಿಗೆಗೆ ಭತ್ಯೆ ಕೊಡಬೇಕಾಯಿತು. ಒಳ್ಳೆಯದೇ. ಆಮೇಲೆ 1971ರಲ್ಲಿ, ಕೂನೂರಿನ ತೋಟಮಾಲೀಕರ ಸಂಘ ಉಪಾಸಿ, ಜಿಲ್ಲೆಯ ಕೆಲವು ತೋಟಗಳಲ್ಲಿ ಒಂದು ವಿಚಿತ್ರ ಉಳಿತಾಯ ಖಾತೆ ತೆರೆಯಿತು. ಕೆಲಸದ ಹೆಂಗಸು ಬಸುರಿಯಾಗದ ತಿಂಗಳಿಗೆ ಇಂತಿಷ್ಟು ರೂಪಾಯಿ ಅಂತ ಅವಳ ಹೆಸರಲ್ಲಿ ಜಮಾ. ಹೆಚ್ಚು ಮಕ್ಕಳಾದರೆ ಕಡಿತ. ಹೆರುವ ಪ್ರಾಯ ಮುಗಿದ ಮೇಲೆ ದುಡ್ಡು ಕೈಗೆ. ಹೊರದೇಶದ ವಿದ್ವಾಂಸರು ಇದರ ಮೇಲೆ ಲೇಖನ ಬರೆದರು. ನನಗೆ ಇದರಲ್ಲಿ ಕಾಣುವುದು ಬೇರೆಯದು. ಆ ಪುಸ್ತಕದಲ್ಲಿ ಹೆಂಗಸಿನ ತಿಂಗಳು ತಿಂಗಳಿನ ಲೆಕ್ಕ ಇತ್ತು. ಹೆರುವ ಪ್ರಾಯ ಮುಗಿದ ದಿನ ಖಾತೆ ಮುಗಿಯಿತು. ಎಲೆ ಕೀಳುವ ಕೆಲಸ ಮುಗಿಯಲಿಲ್ಲ, ಇನ್ನೂ ಹತ್ತು ಹದಿನೈದು ವರ್ಷ ಬುಟ್ಟಿ ಬೆನ್ನ ಮೇಲೇ ಇತ್ತು.

ಆ ಹತ್ತು ಹದಿನೈದು ವರ್ಷದಲ್ಲಿ ಮೈಗೆ ಏನಾಗುತ್ತದೆ? ನಮ್ಮ ದೇಶದ ಹೆಂಗಸರಿಗೆ ಸರಾಸರಿ 46–47ಕ್ಕೇ ಮುಟ್ಟು ನಿಲ್ಲುತ್ತದೆ, ಪಶ್ಚಿಮ ದೇಶದವರಿಗಿಂತ ನಾಲ್ಕೈದು ವರ್ಷ ಮೊದಲು. ಅಂಡಾಶಯದಲ್ಲಿ ಈಸ್ಟ್ರೋಜೆನ್ ಎಂಬ ರಸ ಕಮ್ಮಿಯಾಗುವುದೇ ಇದರ ಮೂಲ. ಮೈಯ ಬಿಸಿ ಕಾಯುವ ಮೆದುಳಿನ ಭಾಗಕ್ಕೆ ಅದರಿಂದ ಗೊಂದಲ. ಹಾಗಾಗಿ ಊಟಿಯ ಡಿಸೆಂಬರ್ ರಾತ್ರಿಯಲ್ಲೂ, ಹೊರಗೆ ಹುಲ್ಲಿನ ಮೇಲೆ ಹಿಮ ಕಟ್ಟಿರುವಾಗ, ಹೆಂಗಸು ಕಂಬಳಿ ಕಿತ್ತೆಸೆದು ಬೆವರುತ್ತಾ ಎದ್ದು ಕೂತಿರುತ್ತಾಳೆ. ನಮ್ಮ ದೊಡ್ಡಮ್ಮ ಗೂಡಲೂರು ಕಡೆ ಎಲೆ ಕಿತ್ತವರು. ಅವರಿಗೆ ಹಾಗಾದಾಗ ಮನೆಯವರು ಜ್ವರ ಅಂದರು, ಪಕ್ಕದ ಲೈನಿನವರು ಗಾಳಿ ಸೋಕಿದೆ ಅಂದರು. ಎದೆ ಹೊಡೆದುಕೊಳ್ಳುವುದು, ನಿದ್ದೆಗೆಡುವುದು, ಸುಮ್ಮಸುಮ್ಮನೆ ಅಳು, ಸೊಸೆ ಮೇಲೆ ಸಿಡಿಮಿಡಿ, ಇವಕ್ಕೂ ಅದೇ ಮೂಲ ಇರಬಹುದು ಅಂತ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗಂಡಸರೂ ಇದನ್ನು ಓದಲಿ ಅಂತಲೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದಿರುವುದರ ಬೆಲೆ ಸಣ್ಣದಲ್ಲ. ನಲವತ್ತರ ಆಸುಪಾಸಿನಲ್ಲಿ ಮುಟ್ಟು ಏರುಪೇರಾದರೆ, ‘ಮಕ್ಕಳಾಯ್ತಲ್ಲ, ಗರ್ಭಕೋಶ ತೆಗೆಸಿಬಿಡು’ ಎಂಬ ಮಾತು ಎಷ್ಟು ಸಲೀಸಾಗಿ ಬರುತ್ತದೆ! 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 49ರೊಳಗಿನ ನೂರು ಹೆಂಗಸರಲ್ಲಿ ಮೂವರಿಗೆ ಆಗಲೇ ಗರ್ಭಕೋಶ ಇರಲಿಲ್ಲ. ಬೇಕಿಲ್ಲದೆ ಹೀಗೆ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಯನ್ನು ರಾಜ್ಯಗಳು ಜಾರಿಗೆ ತರಬೇಕು ಅಂತ ಸುಪ್ರೀಂ ಕೋರ್ಟೇ 2023ರ ಏಪ್ರಿಲ್‌ನಲ್ಲಿ ಹೇಳಬೇಕಾಯಿತು. ಜೊತೆಗೆ ಅಂಡಾಶಯವನ್ನೂ ತೆಗೆದರೆ, ಮೆಲ್ಲಗೆ ವರ್ಷಗಟ್ಟಲೆ ಬರಬೇಕಾದ ಬದಲಾವಣೆ ಒಂದೇ ವಾರದಲ್ಲಿ ಮೈಮೇಲೆ ಬೀಳುತ್ತದೆ, ಮೂಳೆ ಬೇಗ ಸವೆಯುತ್ತದೆ. ಗಡ್ಡೆ, ಕ್ಯಾನ್ಸರ್ ಎಂಬ ಕಾರಣಕ್ಕೆ ತೆಗೆಯಲೇಬೇಕಾದ ಸಂದರ್ಭ ಇದ್ದೇ ಇದೆ. ಆದರೆ ಇನ್ನೊಬ್ಬ ಡಾಕ್ಟರನ್ನು ಕೇಳದೆ ಸಹಿ ಹಾಕಬೇಡಿ ಅಕ್ಕಂದಿರೇ.

ಮಾತ್ರೆಯ ಕಥೆಯೂ ಹೀಗೇ ಎರಡು ತುದಿ. 1966ರಲ್ಲಿ ಅಮೆರಿಕದ ರಾಬರ್ಟ್ ವಿಲ್ಸನ್ ಎಂಬ ಡಾಕ್ಟರು ಪುಸ್ತಕ ಬರೆದು, ಇದೊಂದು ಕೊರತೆಯ ಕಾಯಿಲೆ, ಹಾರ್ಮೋನ್ ನುಂಗಿದರೆ ಪ್ರಾಯ ನಿಲ್ಲುತ್ತದೆ ಅಂದರು. ಲಕ್ಷಗಟ್ಟಲೆ ಜನ ನುಂಗಿದರು. 2002ರಲ್ಲಿ ಅಲ್ಲಿಯದೇ ದೊಡ್ಡ ಅಧ್ಯಯನದಲ್ಲಿ ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಹೆಚ್ಚಾದದ್ದು ಕಂಡು ಜನ ಹೆದರಿ ಬಿಟ್ಟರು. ಈಗಿನ ಡಾಕ್ಟರುಗಳು ನಡುವಿನ ದಾರಿ ಹೇಳುತ್ತಾರೆ: ಬಿಸಿ ಬೆವರು ತಡೆಯಲಾರದಷ್ಟಿದ್ದರೆ, ಅರವತ್ತರ ಒಳಗಿದ್ದರೆ, ಪರೀಕ್ಷೆ ಮಾಡಿಸಿ ಅವರ ಸಲಹೆಯಂತೆ ತೆಗೆದುಕೊಳ್ಳಬಹುದು. ಎಲ್ಲರಿಗೂ ಬೇಕಿಲ್ಲ.

ಮನೆಯಲ್ಲೇ ಆಗುವುದು ಬಹಳ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದ ಅಂಶ ಇದೆ, ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಈ ಪ್ರಾಯದಲ್ಲಿ ದಿನಕ್ಕೆ ಸಾವಿರದ ಮೇಲೆ ಬೇಕು. ಬೆಟ್ಟದ ಹಟ್ಟಿಗಳೂ ಮಸಿನಗುಡಿ ಕಡೆಯ ಹಳ್ಳಿಗಳೂ ರಾಗಿ ಉಂಡೇ ಬೆಳೆದವು, ರೇಷನ್ ಅಕ್ಕಿ ಬಂದ ಮೇಲೆ ಮುದ್ದೆ ಹಿಂದಕ್ಕೆ ಹೋಯಿತು. ಮುದ್ದೆ, ಕೀರೆ ಸೊಪ್ಪು, ಮೊಸರು ಮತ್ತೆ ಎಲೆಗೆ ಬರಲಿ. ಊಟದ ಜೊತೆಗೇ ಟೀ ಕುಡಿದರೆ ಊಟದ ಕಬ್ಬಿಣದ ಅಂಶ ಮೈಗೆ ಹತ್ತುವುದಿಲ್ಲ (ಟೀ ಸೀಮೆಯಲ್ಲಿ ಕೂತು ಹೀಗೆ ಬರೆಯುವುದಕ್ಕೆ ಧೈರ್ಯ ಬೇಕು!), ಒಂದು ಗಂಟೆ ಬಿಟ್ಟು ಕುಡಿಯಿರಿ. ರಾತ್ರಿ ಬೆವರುವವರಿಗೆ ಟೀ, ಖಾರ ಎರಡೂ ಕಮ್ಮಿ ಇದ್ದರೆ ವಾಸಿ. ತೋಟದಲ್ಲಿ ಮರೆ ಇಲ್ಲವೆಂದು ನೀರೇ ಕುಡಿಯದೆ ಇರುವವರಿದ್ದಾರೆ. ಈ ಪ್ರಾಯದಲ್ಲಿ ಒಳಗಿನ ಚರ್ಮ ಒಣಗುವುದರಿಂದ ಉರಿಮೂತ್ರ ಮೊದಲೇ ಹೆಚ್ಚು. ಅದಕ್ಕೆ ಮೇಸ್ತ್ರಿಯ ಹತ್ತಿರ ಕಕ್ಕಸು ಕೇಳುವುದು ನಾಚಿಕೆಯ ವಿಷಯವಲ್ಲ.

2021ರಿಂದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯವರು ಬಿ.ಪಿ., ಶುಗರ್ ನೋಡಲು ಮನೆ ಬಾಗಿಲಿಗೇ ಬರುತ್ತಾರೆ. ಅವರಲ್ಲಿ ಹೆಂಗಸರೇ ಹೆಚ್ಚು, ಈ ವಿಷಯವನ್ನೂ ಅವರ ಹತ್ತಿರ ಬಾಯಿಬಿಟ್ಟು ಹೇಳಬಹುದು. ಮೂವತ್ತು ದಾಟಿದವರಿಗೆ ಗರ್ಭಕೊರಳಿನ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಕೊನೆಯ ಮುಟ್ಟಿನ ದಿನಕ್ಕೆ ಒಂದು ಗುರುತು ಹಾಕಿಡಿ. ಅಲ್ಲಿಂದ ಹನ್ನೆರಡು ತಿಂಗಳು ಏನೂ ಕಾಣದಿದ್ದರೆ ನಿಂತಿತು ಅಂತ ಅರ್ಥ. ಅದಾದ ಮೇಲೆ ಒಂದು ಹನಿ ರಕ್ತ ಕಂಡರೂ, ನೋವಿಲ್ಲದಿದ್ದರೂ, ಆ ವಾರವೇ ಆಸ್ಪತ್ರೆಗೆ ಹೋಗಿ. ಹೋಗುವಾಗ ಆ ತಾರೀಖು ಬರೆದುಕೊಂಡು ಹೋಗಿ, ಡಾಕ್ಟರು ಮೊದಲು ಕೇಳುವುದೇ ಅದನ್ನು.