ಕೊರಿಯಾದ ರೈತನ ಜಿಗೆ

ಕೊರಿಯಾ ದೇಶದ ನೆಲದಲ್ಲಿ ಹತ್ತರಲ್ಲಿ ಏಳು ಪಾಲು ಬೆಟ್ಟಗುಡ್ಡ. ಮಿಕ್ಕ ತಗ್ಗಿನಲ್ಲಿ ಬತ್ತದ ಗದ್ದೆಗಳು. ಅವುಗಳ ನಡುವೆ ಒಬ್ಬನು ನಡೆಯುವಷ್ಟೇ ಅಗಲದ ಬದುಗಳು. ಅಲ್ಲಿಯ ಹೆಂಗಸರು ತಲೆಯ ಮೇಲೆ ಸಿಂಬಿಯಿಟ್ಟು ಹೊರೆ ಹೊರುತ್ತಿದ್ದರು. ಗಂಡಸರ ಸಾಧನ ಬೇರೆ; ಅದಕ್ಕೆ ಜಿಗೆಯೆಂದು ಹೆಸರು.

ರೈತನು ಸಹಜವಾಗಿಯೇ ಕವಲೊಡೆದ ಎರಡು ಪೈನ್ ಕೊಂಬೆಗಳನ್ನು ಕಾಡಿನಿಂದ ಆರಿಸಿ ತಂದು, ಮೇಲೆ ಕಿರಿದಾಗಿಯೂ ಕೆಳಗೆ ಅಗಲವಾಗಿಯೂ ನಿಲ್ಲಿಸಿ, ನಡುವೆ ಅಡ್ಡಪಟ್ಟಿಗಳನ್ನು ತೂರಿಸಿ ಬಿಗಿಯುತ್ತಿದ್ದನು. ಮೊಳೆಯ ಅವಶ್ಯಕತೆಯಿಲ್ಲ. ಹಿಂದಕ್ಕೆ ಚಾಚಿದ ಕವಲುಗಳ ಮೇಲೆ ಹೊರೆ. ಬೆನ್ನಿಗೆ ಹುಲ್ಲಿನ ಮೆತ್ತೆ, ಹೆಗಲಿಗೆ ಹುಲ್ಲಿನ ಪಟ್ಟಿ. ಗೊಬ್ಬರವನ್ನೋ ಮಣ್ಣನ್ನೋ ಒಯ್ಯುವಾಗ ಚಿಪ್ಪಿನಂತೆ ತೆರೆಯುವ ಬುಟ್ಟಿಯೊಂದನ್ನು ಅದರ ಮೇಲಿಡುವರು. ಆದರೆ ಇದರ ಜಾಣ್ಮೆಯೆಲ್ಲ ಜೊತೆಯ ಕವಲುಗೋಲಿನಲ್ಲಿದೆಯೆಂದು ನಮಗೆ ತೋರುತ್ತದೆ. ಕೋಲನ್ನು ಆನಿಸಿದರೆ ಜಿಗೆಯು ಮೂರು ಕಾಲುಗಳ ಮೇಲೆ ತಾನೇ ನಿಲ್ಲುತ್ತದೆ. ರೈತನು ಪರರ ಕೈಯನ್ನು ಕಾಯದೆ ಹೊರೆಯನ್ನು ಹೇರಿ, ಮಂಡಿಯೂರಿ, ಪಟ್ಟಿಗಳಲ್ಲಿ ತೋಳು ತೂರಿಸಿ, ಅದೇ ಕೋಲನ್ನು ಊರಿ ಏಳಬಹುದು. ಗಟ್ಟಿಯಾದ ಆಳು ಹೀಗೆ 50ರಿಂದ 70 ಕಿಲೋಗ್ರಾಂ ಹೊರುತ್ತಿದ್ದನು.

ಇದು ಜಾಣ್ಮೆಯೇ, ನಿಜ. ಆ ಭಾರವು ಬಿದ್ದದ್ದು ಮಾತ್ರ ಮನುಷ್ಯನ ಬೆನ್ನಿನ ಮೇಲೆ. ಚೀನಾ ದೇಶಕ್ಕೆ ಹೋಗಿಬಂದ ಪಾಕ್ ಜೆಗಾ ಎಂಬ ವಿದ್ವಾಂಸನು 1778ರ ತನ್ನ ಗ್ರಂಥದಲ್ಲಿ, ತನ್ನ ನಾಡಿನವರು ಬಂಡಿಗಳನ್ನು ಬಳಸದಿರುವುದನ್ನು ಆಕ್ಷೇಪಿಸಿದನು. ಬೆಟ್ಟಗಳನ್ನು ನೆವ ಮಾಡುವವರಿಗೆ ಅವನ ವಾದವು ರುಚಿಸಿರಲಾರದು.

1950ರಲ್ಲಿ ಯುದ್ಧವು ಹೊತ್ತಿಕೊಂಡಾಗ ಬೆಟ್ಟಗಳೂ ತಮ್ಮ ವಾದವನ್ನು ಹೂಡಿದುವು. ಅಮೆರಿಕದ ಲಾರಿಗಳು ಬೆಟ್ಟದ ಬುಡದಲ್ಲಿಯೇ ನಿಂತುವು. ಅಲ್ಲಿಂದ ಮೇಲಕ್ಕೆ ಮದ್ದುಗುಂಡನ್ನೂ ಆಹಾರವನ್ನೂ ಒಯ್ದದ್ದು ಜಿಗೆ. ಅದರ ಆಕಾರವನ್ನು ಕಂಡು ಸೈನಿಕರು ‘ಎ ಫ್ರೇಮ್’ ಎಂದು ಕರೆದರು. ಹೊತ್ತವರಲ್ಲಿ ಅನೇಕರು ನಡುವಯಸ್ಸಿನ ರೈತರು, ಕೈಯಲ್ಲಿ ಆಯುಧವಿಲ್ಲದವರು. 1953ರಲ್ಲಿ ಯುದ್ಧವು ನಿಲ್ಲುವಷ್ಟರಲ್ಲಿ ಇವರ ಪೈಕಿ 2,000ಕ್ಕಿಂತ ಹೆಚ್ಚು ಮಂದಿ ಸತ್ತಿದ್ದರು. ಸೇನಾಪತಿಗಳ ಹೆಸರುಗಳನ್ನು ನಾವು ಬಲ್ಲೆವು. ಇವರಲ್ಲಿ ಒಬ್ಬನ ಹೆಸರನ್ನೂ ಅರಿಯೆವು.

1970ರಲ್ಲಿ ದಕ್ಷಿಣ ಕೊರಿಯಾದ ಸರ್ಕಾರವು ಗ್ರಾಮೋದ್ಧಾರದ ಕಾರ್ಯವನ್ನು ಆರಂಭಿಸಿತು. ಹಳ್ಳಿಗಳ ಹಾದಿಗಳು ಅಗಲವಾದುವು. ಗಾಡಿ ಕಟ್ಟಿದ ಪವರ್ ಟಿಲ್ಲರುಗಳು ಗದ್ದೆಯಂಚಿನವರೆಗೂ ಬಂದುವು. ಜಿಗೆಯು ಮೆಲ್ಲಗೆ ವಸ್ತುಸಂಗ್ರಹಾಲಯವನ್ನು ಸೇರಿತು. ಸೊರಾಕ್ ಬೆಟ್ಟದಂತಹ ಕಡಿದಾದ ಸ್ಥಳಗಳಲ್ಲಿ ಮಾತ್ರ, ಈ ಶತಮಾನದಲ್ಲಿಯೂ ಒಬ್ಬಿಬ್ಬರು ಹೊರೆಯಾಳುಗಳು ಮೇಲಿನ ಅಂಗಡಿಗಳಿಗೂ ಆಶ್ರಮಗಳಿಗೂ ಅದರಿಂದಲೇ ಸಾಮಾನು ಒಯ್ದದ್ದುಂಟು.